ಒಂದ್ ತಾಸು ಲೈಟ್ ಬಂದ್ ಮಾಡಿದ್ರ ಖರೇನೇ ಏನಾಗ್ತದ?

ಮಾರ್ಚ್ ಮುಗಿಲಾಕ ಬಂತಂದ್ರ ಫೋನಿನಾಗ 'ಅರ್ಥ್ ಅವರ್' ಮೆಸೇಜ್ ತಿರಗ್ಲಾಕ ಶುರು ಆಗ್ತದ, ಶನಿವಾರ ರಾತ್ರಿ ಎಂಟೂವರಿಯಿಂದ ಒಂಬತ್ತೂವರಿ ತನಕ ಮನಿ ಲೈಟೆಲ್ಲ ಬಂದ್ ಮಾಡ್ರಿ, ಭೂಮಿ ಉಳಸ್ರಿ ಅಂತ. ಅದರ ಕೆಳಗ ನಮ್ ಕಡಿ ಮಂದಿ ಹಾಕೋ ಜವಾಬೂ ವರ್ಷಾ ವರ್ಷಾ ಅದೇ ಇರ್ತದ: ನಾವ್ ಯಾಕ್ ಬಂದ್ ಮಾಡ್ಬೇಕ್ರಿ, ಬ್ಯಾಸಿಗ್ಯಾಗ ಹೆಂಗಿದ್ರೂ ತಾವೇ ಹೋಗ್ತಾವಲ್ಲ. ಎಲ್ಲರೂ ನಕ್ಕು ಮುಂದ ಹೋಗ್ತೀವಿ. ಆದ್ರ ಕಲಬುರಗಿ ಬ್ರಹ್ಮಪುರದಾಗೋ ಬೀದರ್ ಗುಂಪಾದಾಗೋ ಒಂದು ಬಟನ್ ಬಂದ್ ಮಾಡಿದ್ರ ಅತ್ತ ರಾಯಚೂರು ಶಕ್ತಿನಗರದಾಗ ಕರೆಂಟ್ ತಯಾರಿಸ್ಲಾಕ ಉರಿಯೋ ಕಲ್ಲಿದ್ದಲಿಗೆ ಏನಾರ ಫರಕ್ ಬೀಳ್ತದೋ ಇಲ್ಲೋ, ಬೀಳ್ತದಂದ್ರ ಎಷ್ಟು, ಅದನ್ನ ಮಾತ್ರ ಯಾರೂ ಬಿಡಿಸಿ ಹೇಳೋದಿಲ್ಲ.

ಮೊದ್ಲು ಇದು ಎಲ್ಲಿಂದ ಬಂತು ಅನ್ನೋದು. ಆಸ್ಟ್ರೇಲಿಯಾದ ಸಿಡ್ನಿಯಾಗ 2007ರ ಮಾರ್ಚ್ 31ಕ್ಕ ಡಬ್ಲ್ಯುಡಬ್ಲ್ಯುಎಫ್ ಅನ್ನೋ ನಿಸರ್ಗ ಕಾಯೋ ಸಂಸ್ಥಾದವ್ರು 'ಅರ್ಥ್ ಅವರ್' ಅಂತ ಹೆಸರಿಟ್ಟು ಕರೆ ಕೊಟ್ರು, 20 ಲಕ್ಷಕ್ಕಿಂತ ಜಾಸ್ತಿ ಮಂದಿ ಲೈಟ್ ಬಂದ್ ಮಾಡಿದ್ರು ಅಂತ ಲೆಕ್ಕ ಕೊಡ್ತಾರ, 2009ಕ್ಕ ಅದು ಇಂಡಿಯಾಕ್ಕೂ ಬಂತು. ಮಾರ್ಚ್ ಕೊನಿಗೇ ಯಾಕಂದ್ರ ಆವಾಗ ಭೂಮಿ ಎರಡೂ ಅರ್ಧದಾಗ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ ಇರ್ತಾವ, ಹಂಗಾಗಿ ಯಾವ್ ದೇಶದಾಗ ನೋಡಿದ್ರೂ ಎಂಟೂವರಿಗೆ ಕತ್ತಲ ಆಗಿರ್ತದ, ಬಂದ್ ಮಾಡಿದ್ದು ಕಾಣ್ತದ. ಕಾಣಬೇಕು ಅನ್ನೋದೇ ಇದರ ಮುಖ್ಯ ಮಾತು. ಒಂದ್ ತಾಸಿನಾಗ ಕರೆಂಟ್ ಉಳಿಸಿ ಹವಾಮಾನ ಸುಧಾರಿಸ್ತೀವಿ ಅಂತ ಶುರು ಮಾಡಿದವ್ರೂ ಹೇಳಿಲ್ಲ, ಇಷ್ಟು ಮಂದಿಗೆ ಇದರ ಕಾಳಜಿ ಅದ ಅಂತ ಸರ್ಕಾರಕ್ಕ, ಕಂಪನಿಗೋಳಿಗೆ ತೋರಿಸ್ಲಾಕ ಮಾಡಿದ್ದು ಇದು.

ಈಗ ಲೆಕ್ಕಕ್ಕ ಬರೋಣ. ನಮ್ ಕಡಿ ಒಂದು ಸಾದಾ ಮನ್ಯಾಗ ರಾತ್ರಿ ಎಂಟೂವರಿಗೆ ನಾಲ್ಕು ಎಲ್ಇಡಿ ಬಲ್ಬ್ ಹತ್ತಿರ್ತಾವ ಅಂತ ಹಿಡೀರಿ, ಒಂದೊಂದು 9 ವ್ಯಾಟ್, ಒಟ್ಟು 36 ವ್ಯಾಟ್. ಒಂದ್ ಯೂನಿಟ್ ಅಂದ್ರ 1000 ವ್ಯಾಟಿನ ಸಾಮಾನು ಒಂದ್ ತಾಸು ನಡದಂಗ. ಅಂದ್ರ ನೀವು ಉಳಿಸಿದ್ದು 0.036 ಯೂನಿಟ್. ನಮ್ ದೇಶದ ಗ್ರಿಡ್ಡಿನಾಗ, ಅಂದ್ರ ಎಲ್ಲಾ ಕಡಿ ಕರೆಂಟ್ ಕೂಡಿ ಹರಿಯೋ ಲೈನಿನ ಜಾಲದಾಗ, ಒಂದ್ ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ ಸುಮಾರು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗ್ತದ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ ಅದ, ಆ ಪ್ರಕಾರ ನಿಮ್ಮ ಮನಿಯಿಂದ ಆ ರಾತ್ರಿ ಕಮ್ಮಿ ಆಗಿದ್ದು ಬರೋಬ್ಬರಿ 25 ಗ್ರಾಂ. ಅಷ್ಟೇ. ಮೊದ್ಲಿನಂಗ 60 ವ್ಯಾಟಿನ ಹಳದಿ ಬಲ್ಬ್ ಇದ್ದಿದ್ರ ಇದೇ ಒಂದ್ ತಾಸಿಗೆ 170 ಗ್ರಾಂ ತನಕ ಉಳೀತಿತ್ತು. 2015ರಾಗ ಉಜಾಲಾ ಸ್ಕೀಮ್ ಬಂದು, ಸಸ್ತಾ ರೇಟಿಗೆ ಎಲ್ಇಡಿ ಮನಿ ಮನಿಗೆ ಹೋಗಿ, ಅರ್ಥ್ ಅವರ್ ಮಾಡೋ ಕೆಲಸಾನ ಆ ಬಲ್ಬೇ ದಿನಾ ರಾತ್ರಿ ಮಾಡ್ಲತ್ತದ, ಅದೂ ಮನ್ಯಾಗ ಬೆಳಕು ಇಟ್ಕೊಂಡೇ.

ಇನ್ನೊಂದು ಮಜಾ ನೋಡ್ರಿ. ಲೈಟ್ ಬಂದ್ ಮಾಡಿ ಮೇಣಬತ್ತಿ ಹಚ್ಚಿ ಫೋಟೋ ಹಾಕ್ತಾರಲ್ಲ, ಆ ಮೇಣ ಅನ್ನೋದು ಪ್ಯಾರಾಫಿನ್, ಅಂದ್ರ ಪೆಟ್ರೋಲು ಡೀಸೆಲಿನ ಖಾಸಾ ತಮ್ಮ. ಒಂದು ತೆಳು ಮೇಣಬತ್ತಿ ತಾಸಿಗೆ ಐದು ಗ್ರಾಂ ಸುಟ್ರೂ ಹದಿನೈದು ಗ್ರಾಂ ಸುಮಾರು ಕಾರ್ಬನ್ ಡೈಆಕ್ಸೈಡ್ ಬಿಡ್ತದ, 9 ವ್ಯಾಟ್ ಬಲ್ಬಿಂದು ಆರು ಗ್ರಾಂ ಚಿಲ್ಲರೆ. ಬೆಳಕು ಹೋಲಿಸಿದ್ರಂತೂ ಬಲ್ಬು ಹತ್ತಾರು ಪಟ್ಟು ಜಾಸ್ತಿ. ನಾಲ್ಕು ಬಲ್ಬ್ ಬಂದ್ ಮಾಡಿ ನಾಲ್ಕು ಮೇಣಬತ್ತಿ ಹಚ್ಚಿದ್ರ ಲೆಕ್ಕ ಉಲ್ಟಾ ಆಯ್ತು. ಹಚ್ಚಲೇಬೇಕಂದ್ರ ಪಣತ್ಯಾಗ ಕುಸುಬಿ ಎಣ್ಣಿ ಹಾಕಿ ಹಚ್ರಿ, ಆ ಎಣ್ಣ್ಯಾಗಿನ ಕಾರ್ಬನ್ ಹೋದ್ ವರ್ಷ ಹೊಲದಾಗ ಗಿಡ ಗಾಳಿಯಿಂದಲೇ ಹೀರ್ಕೊಂಡಿದ್ದು, ತಿರುಗಿ ಗಾಳಿಗೇ ಹೋಗ್ತದ. ಕುಸುಬಿ ಎಣ್ಣಿ ರೇಟ್ ನೋಡಿದ್ರ ಮಾತ್ರ ಕತ್ತಲದಾಗೇ ಕುಂಡ್ರೋದು ಲೇಸು ಅನಸ್ತದ, ಆ ಮಾತು ಬ್ಯಾರೆ.

ಕಲ್ಲಿದ್ದಲಿನ ಮಾತು ಜರಾ ಹೇಳ್ಬೇಕು, ಯಾಕಂದ್ರ ಈ ಗ್ರಾಂ ಕೆಜಿ ಎಲ್ಲಿಂದ ಬರ್ತದ ಅಂತ ಕೇಳ್ತಾರ. ನಮ್ ಯಾದಗಿರಿ ಜಿಲ್ಲಾ ದಾಟಿ ಕೃಷ್ಣಾ ಹೊಳಿ ದಂಡಿಗೆ ಶಕ್ತಿನಗರ ಅದ, ರಾಯಚೂರು ಥರ್ಮಲ್, 1985ರಾಗ ಮೊದ್ಲನೇ ಯೂನಿಟ್ (ಇಲ್ಲಿ ಯೂನಿಟ್ ಅಂದ್ರ ಕರೆಂಟ್ ತಯಾರಿಸೋ ಮಷಿನ್) ಚಾಲೂ ಆಗಿದ್ದು, ಈಗ ಎಂಟು ಯೂನಿಟ್ ಸೇರಿ 1720 ಮೆಗಾವ್ಯಾಟ್ (ಒಂದ್ ಮೆಗಾವ್ಯಾಟ್ ಅಂದ್ರ ಹತ್ತು ಲಕ್ಷ ವ್ಯಾಟ್). ಬಾಜೂಕ ಯರಮರಸ್ಸಿನಾಗ ಇನ್ನೊಂದು 1600 ಮೆಗಾವ್ಯಾಟ್. ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಾಗ ಕಲ್ಲಿದ್ದಲು ಬರ್ತದ. ಒಂದ್ ಯೂನಿಟ್ ಕರೆಂಟಿಗೆ ಮುಕ್ಕಾಲು ಕೆಜಿಗಿಂತ ಒಂದೀಟು ಕಮ್ಮಿ ಕಲ್ಲಿದ್ದಲು ಸುಡ್ಬೇಕು, ಅದರಾಗ ಮೂರರಾಗ ಒಂದು ಪಾಲಿಗಿಂತ ಜಾಸ್ತಿ ಬೂದಿನೇ ಇರ್ತದ. ಆದ್ರೂ ಹೊರಗ ಬರೋ ಕಾರ್ಬನ್ ಡೈಆಕ್ಸೈಡ್ ಒಂದ್ ಕೆಜಿ ಹತ್ರ ತೂಗ್ತದ, ಇದೆಂಗ ಸುಟ್ಟಿದ್ದಕ್ಕಿಂತ ಹೊಗಿ ತೂಕ ಜಾಸ್ತಿ ಅಂದ್ರ, ಕಲ್ಲಿದ್ದಲಿನ ಪ್ರತಿ 12 ತೂಕ ಕಾರ್ಬನ್ನು ಗಾಳ್ಯಾಗಿನ 32 ತೂಕ ಆಮ್ಲಜನಕ ಕೂಡಿಸ್ಕೊಂಡು 44 ಆಗಿ ಹೋಗ್ತದ. ಬೂದಿ ಕೆಳಗ ಉಳೀತದ, ಕಣ್ಣಿಗೆ ಕಾಣ್ತದ, ಮಂದಿ ಅದಕ್ಕ ಬೈತಾರ. ಕಾಣಲಾರದ್ದು ಮ್ಯಾಲ ಹೋಗಿ ನೂರಾರು ವರ್ಷ ಇರ್ತದ. ಮ್ಯಾಲ ಹೇಳಿದ 0.7 ಅನ್ನೋದು ಸೋಲಾರ್, ಗಾಳಿ, ನೀರು ಎಲ್ಲಾ ಕೂಡಿಸಿದ ಸರಾಸರಿ, ಬರೇ ಕಲ್ಲಿದ್ದಲಿಂದು ಒಂದು ಕೆಜಿ ಸಮೀಪ. ಈ ಫರಕ್ ನೆನಪಿನಾಗ ಇಟ್ಕೊರಿ, ಮುಂದ ಬೇಕಾಗ್ತದ.

ಈಗ ಭಾಳ ಮಂದಿಗೆ ತಿಳೀಲಾರದ ವಿಷಯ, ಗ್ರಿಡ್ಡು. ಕರೆಂಟಿನಾಗ ಗೋದಾಮು ಅನ್ನೋದು ಹೆಚ್ಚುಕಮ್ಮಿ ಇಲ್ಲ, ಈ ಸೆಕೆಂಡಿಗೆ ಎಷ್ಟು ಬೇಕೋ ಈ ಸೆಕೆಂಡಿಗೇ ಅಷ್ಟು ತಯಾರಾಗ್ಬೇಕು. ಜ್ವಾಳದ ಗಿರಣ್ಯಾಗ ನೋಡಿರ್ತೀರಿ, ಒಮ್ಮೆಲೇ ಜಾಸ್ತಿ ಜ್ವಾಳ ಸುರುವಿದ್ರ ಕಲ್ಲು ಭಾರ ಆಗಿ ಸಾವಕಾಶ ಆಗ್ತದ, ಸದ್ದೇ ಬದಲಾಗ್ತದ, ಜ್ವಾಳ ಖಾಲಿ ಆದ್ರ ಭರ್ರ್ ಅಂತ ಓಡ್ತದ. ದೇಶದ ಎಲ್ಲಾ ಥರ್ಮಲ್, ಡ್ಯಾಮಿನ ಟರ್ಬೈನೂ ಹಂಗೇ, ಮಂದಿ ಜಾಸ್ತಿ ಎಳದ್ರ ಅವು ಕೂದಲಷ್ಟು ಸಾವಕಾಶ ಆಗ್ತಾವ, ಬಂದ್ ಮಾಡಿದ್ರ ಕೂದಲಷ್ಟು ಜೋರು. ಈ ವೇಗಕ್ಕೇ ಫ್ರೀಕ್ವೆನ್ಸಿ ಅಂತಾರ, 50 ಹರ್ಟ್ಜ್ ಇರ್ಬೇಕು, ಅದರ ಅಕ್ಕಪಕ್ಕದಾಗೇ ಹಿಡಿದಿಡ್ಬೇಕು. ಎಲ್ಲಾ ಮಷಿನ್ನೂ ಒಂದೇ ತಾಳದಾಗ ತಿರಗ್ತಾವ, ಕಾಶ್ಮೀರದಿಂದ ಕನ್ಯಾಕುಮಾರಿ ತನಕ. ದಕ್ಷಿಣದ ಗ್ರಿಡ್ಡು ಮೊದ್ಲು ಬ್ಯಾರೆ ಇತ್ತು, ಅದನ್ನ ದೇಶದ ಗ್ರಿಡ್ಡಿಗೆ ಕೂಡಿಸಿದ್ದು 2013ರ ಡಿಸೆಂಬರ್ 31ಕ್ಕ ಚಾಲೂ ಆದ ರಾಯಚೂರು-ಸೊಲ್ಲಾಪುರ 765 ಕೆವಿ ಲೈನು. ದೇಶ ಒಂದೇ ಗ್ರಿಡ್ ಆಗಿದ್ದು ನಮ್ ಅಕ್ಕಪಕ್ಕದ ಊರಿನ ಲೈನಿನಿಂದ, ಇದನ್ನ ನಮ್ ಕಡಿ ಸಾಲ್ಯಾಗ ಹೇಳಿಕೊಡೋದಿಲ್ಲ, ಹೇಳಿಕೊಡ್ಬೇಕಿತ್ತು.

ಹಂಗಾದ್ರ ಎಲ್ಲರೂ ಒಮ್ಮೆಲೇ ಬಂದ್ ಮಾಡಿದ್ರ ಗ್ರಿಡ್ಡು ಬಿದ್ದು ಹೋಗ್ತದೇನು? ಇದಕ್ಕ ಖರೇ ಪರೀಕ್ಷಾ ಆಗಿಬಿಟ್ಟದ. 2020ರ ಏಪ್ರಿಲ್ 5, ರವಿವಾರ, ರಾತ್ರಿ ಒಂಬತ್ತಕ್ಕ ಒಂಬತ್ತು ನಿಮಿಷ ಲೈಟ್ ಬಂದ್ ಮಾಡಿ ದೀಪ ಹಚ್ರಿ ಅಂತ ಪ್ರಧಾನಿ ಕರೆ ಕೊಟ್ಟಿದ್ರು. ಲಾಕ್‌ಡೌನ್ ಹೊತ್ತು ಅದು, ದೇಶದ ಮೊದ್ಲನೇ ಕೊರೊನಾ ಸಾವು ನಮ್ ಕಲಬುರಗಿಯಾಗೇ ಆಗಿ ಇನ್ನೂ ತಿಂಗಳು ಕಳದಿರ್ಲಿಲ್ಲ, ಓಣಿ ಓಣಿಯಾಗ ಮಂದಿ ಮಾಳಗಿ ಮ್ಯಾಲ ನಿಂತು ದೀಪ ಹಚ್ಚಿದ್ರು. ಗ್ರಿಡ್ ನಡಸೋರು 12ರಿಂದ 14 ಸಾವಿರ ಮೆಗಾವ್ಯಾಟ್ ಬೇಡಿಕಿ ಬೀಳ್ತದ ಅಂತ ಅಂದಾಜು ಹಾಕಿದ್ರು. ಬಿದ್ದಿದ್ದು 31 ಸಾವಿರ! ಹತ್ರ ಹತ್ರ 1,17,000 ಇದ್ದಿದ್ದು 86,000ಕ್ಕ ಬಂತು, ಇಪ್ಪತ್ತೈದು ನಿಮಿಷದಾಗ. ಫ್ರೀಕ್ವೆನ್ಸಿ 49.70ರಿಂದ 50.26ರ ನಡುವ ಆಡ್ತು, ಅಷ್ಟಕ್ಕೇ ನಿಂತು, ಗ್ರಿಡ್ಡು ಬೀಳ್ಲಿಲ್ಲ. ಹೆಂಗ್ ತಡದ್ರಂದ್ರ, ಮೊದ್ಲೇ ಥರ್ಮಲ್ ಯೂನಿಟ್ಟುಗಳನ್ನ ಎಷ್ಟು ಇಳಸ್ಲಾಕ ಬರ್ತದೋ ಅಷ್ಟು ಇಳಿಸಿ, ಅವುಗಳ ಪಾಲು ಡ್ಯಾಮಿನ ಕಡಿ ಹಾಕಿಟ್ಟಿದ್ರು, ಲೈಟ್ ಬಂದ್ ಆದ ಕ್ಷಣ ಡ್ಯಾಮಿನ ಕರೆಂಟನ್ನೇ 17 ಸಾವಿರ ಮೆಗಾವ್ಯಾಟಿಗಿಂತ ಜಾಸ್ತಿ ಇಳಿಸಿಬಿಟ್ರು. ಡ್ಯಾಮಿನ ಗೇಟು ನಿಮಿಷದಾಗ ಮುಚ್ತದ, ತೆರೀತದ. ಕಲ್ಲಿದ್ದಲಿನ ಬಾಯ್ಲರಿಗೆ ಆ ಚುರುಕಿಲ್ಲ, ಒಮ್ಮೆ ಪೂರಾ ತಣ್ಣಗ ಮಾಡಿದ್ರ ತಿರುಗಿ ಪೂರಾ ಕಾಯಿಸಿ ಚಾಲೂ ಮಾಡ್ಲಾಕ ತಾಸುಗಟ್ಟಲೆ ಬೇಕು, ಅದಕ್ಕ ಅದನ್ನ ಅರ್ಧಕ್ಕ ಇಳಿಸ್ತಾರ, ಆರಿಸೋದಿಲ್ಲ.

ಇಲ್ಲೇ ನಮ್ ಪ್ರಶ್ನಾಕ್ಕ ಅರ್ಧ ಉತ್ತರ ಸಿಕ್ತು. ಒಂಬತ್ತು ನಿಮಿಷ, ಒಂದ್ ತಾಸು, ಇಂಥಾ ಸಣ್ಣ ಹೊತ್ತಿನ್ಯಾಗ ಬಂದ್ ಮಾಡಿದ್ರ ಮೊದ್ಲು ಇಳಿಯೋದು ನೀರಿನ ಕರೆಂಟು. ಅದೂ ಪೂರಾ ವ್ಯರ್ಥ ಅಲ್ಲ, ಡ್ಯಾಮಿನಾಗ ಉಳಿದ ನೀರು ನಾಳಿಗೆ ಬರ್ತದ, ನಾಳೆ ಅಷ್ಟು ಕಲ್ಲಿದ್ದಲು ಕಮ್ಮಿ ಸುಡಬಹುದು. ಆದ್ರ ಕಲಬುರಗಿ ಊರಾಗ ಒಂದು ಲಕ್ಷ ಮನಿಯವ್ರು ನಾಲ್ಕು ನಾಲ್ಕು ಬಲ್ಬ್ ಬಂದ್ ಮಾಡಿದ್ರೂ ಕಮ್ಮಿ ಆಗೋದು 3.6 ಮೆಗಾವ್ಯಾಟ್, ಶಕ್ತಿನಗರದ ಒಂದು ಸಣ್ಣ ಯೂನಿಟ್ಟೇ 210 ಮೆಗಾವ್ಯಾಟ್. ಯೂನಿಟ್ ನಿಲ್ಲಸೋ ಮಾತು ದೂರ. ಅದೇ 3.6 ಮೆಗಾವ್ಯಾಟು ದಿನಾ ಸಂಜಿಗೆ, ವರ್ಷಪೂರ್ತಿ ಕಮ್ಮಿ ಆದ್ರ ಮಾತು ಬ್ಯಾರೆ, ಆವಾಗ ನಾಳಿ ಸಂಜಿಗೆ ಎಷ್ಟು ಬೇಕು ಅಂತ ಒಂದ್ ದಿನ ಮೊದ್ಲೇ ಹಾಕೋ ಪ್ಲಾನಿನಾಗೇ ಅದು ಕಮ್ಮಿ ಆಗ್ತದ, ಕಲ್ಲಿದ್ದಲೂ ಅಷ್ಟು ಕಮ್ಮಿ ತರಸ್ತಾರ.

ಹೊತ್ತಿನ ಮಾತು ಬಂತಲ್ಲ, ಅದೇ ಅಸಲಿ ಮಾತು. ನಮ್ ರಾಜ್ಯದಾಗ ಮಧ್ಯಾಹ್ನ ಹನ್ನೆರಡಕ್ಕ ಸೋಲಾರ್ ತುಂಬಿ ತುಳುಕ್ತದ, ಪಾವಗಡದ ಪಾರ್ಕ್ ಒಂದೇ 2050 ಮೆಗಾವ್ಯಾಟ್. ಸೂರ್ಯ ಮುಳುಗಿದ ಮ್ಯಾಲ ಅದು ಸೊನ್ನಿ. ಅದೇ ಹೊತ್ತಿಗೆ ಮಂದಿ ಮನಿಗೆ ಬರ್ತಾರ, ಟಿವಿ, ಕೂಲರ್, ಮಿಕ್ಸರ್, ಅಂಗಡಿ ಲೈಟ್, ಎಲ್ಲಾ ಒಮ್ಮೆಲೇ. ಹಂಗಾಗಿ ಸಂಜಿ ಆರೂವರಿಯಿಂದ ರಾತ್ರಿ ಹತ್ತರ ತನಕ ಗ್ರಿಡ್ಡಿಗೆ ಕೈ ಕೊಡೋದು ಕಲ್ಲಿದ್ದಲು ಮತ್ತ ಶರಾವತಿಯಂಥಾ ನೀರಿನ ಕರೆಂಟು. ಆ ಹೊತ್ತಿನ ಒಂದ್ ಯೂನಿಟ್ ಉಳಿಸಿದ್ರ 0.7ರ ಸರಾಸರಿ ಬಿಡ್ರಿ, ಒಂದ್ ಕೆಜಿ ಹತ್ರಾನೇ ಉಳಿಸಿದಂಗ. ಅದೇ ಯೂನಿಟ್ ಮಧ್ಯಾಹ್ನ ಉಳಿಸಿದ್ರ ಅಷ್ಟು ಫಾಯ್ದಾ ಇಲ್ಲ. ಕೇಂದ್ರ ಸರ್ಕಾರ 2023ರಾಗ ತಂದ ನಿಯಮದಾಗೂ ಇದೇ ಅದ, ಬಿಸಿಲಿನ ಹೊತ್ತು ರೇಟ್ ಕಮ್ಮಿ, ಸಂಜಿ ಪೀಕಿಗೆ ಜಾಸ್ತಿ. ಮ್ಯಾಲಿನ ಟಾಕಿಗೆ ನೀರು ಏರ್ಸೋದು, ಇಸ್ತ್ರಿ, ವಾಷಿಂಗ್ ಮಷಿನ್, ಇವನ್ನ ಮಧ್ಯಾಹ್ನಕ್ಕ ಸರಿಸಿದ್ರ ಒಂದು ಯೂನಿಟ್ಟೂ ಕಮ್ಮಿ ಬಳಸ್ದೇನೇ ಕಲ್ಲಿದ್ದಲು ಕಮ್ಮಿ ಆಗ್ತದ.

ಮನ್ಯಾಗಿನ ಸಾಮಾನಿಗೆ ಬರೋಣ, ಎಲ್ಲಾರೂ ತಪ್ಪೋದು ಇಲ್ಲೇ. ದೇವರ ಮನ್ಯಾಗೋ ಪಡಸಾಲ್ಯಾಗೋ ಕೆಂಪಗ ಹತ್ತೋ ಹಳೇ ಝೀರೋ ಬಲ್ಬ್ ಇರ್ತದಲ್ಲ, ಹೆಸರಷ್ಟೇ ಝೀರೋ, ತಂತಿ ಇರೋ ಹಳೇ ಮಾಲಾದ್ರ 15 ವ್ಯಾಟ್ ಸುಮಾರು ತಿಂತದ. ಹಗಲೂ ರಾತ್ರಿ ಹತ್ತಿದ್ರ ತಿಂಗಳಿಗೆ ಹತ್ತು ಯೂನಿಟ್ ಮ್ಯಾಲ. ನಾಲ್ಕು ಬಲ್ಬ್ ಒಂದ್ ತಾಸು ಬಂದ್ ಮಾಡಿದ್ದಕ್ಕ ಹೋಲಿಸಿದ್ರ ಮುನ್ನೂರು ಪಟ್ಟು! ಅರ್ಥ್ ಅವರ್ ದಿನ ಎಲ್ಲಾ ಲೈಟ್ ತೆಗೆದು ದೇವರ ಮುಂದ ಅದೊಂದು ಇರ್ಲಿ ಅಂತ ಬಿಡ್ತೀವಿ. ಅರ್ಧ ವ್ಯಾಟಿನ ಎಲ್ಇಡಿ ಝೀರೋ ಹಾಕಿದ್ರ ದೇವರೇನು ಸಿಟ್ಟಾಗೋದಿಲ್ಲ. ಫ್ಯಾನೂ ಹಂಗೇ, ಹಳೇದು 75 ವ್ಯಾಟ್, ಈಗಿನ ಕಮ್ಮಿ ಕರೆಂಟ್ ತಿನ್ನೋ ಮೋಟಾರಿನ ಬಿಎಲ್‌ಡಿಸಿ 30 ಸುಮಾರು, ನಮ್ ಬಿಸಿಲಿಗೆ ದಿನಕ್ಕ ಹದಿನೈದು ತಾಸು ತಿರಗ್ತದ ಅಂದ್ರ ತಿಂಗಳಿಗೆ ಇಪ್ಪತ್ತು ಯೂನಿಟ್ ಫರಕ್, ಒಂದು ಫ್ಯಾನಿಗೆ.

ಕೂಲರ್ ಬಗ್ಗೆ ನಾ ಏನೂ ಅನ್ನೋದಿಲ್ಲ. ಏಪ್ರಿಲ್ ಮೇದಾಗ ಸರ್ಕಾರಿ ಆಫೀಸ್ ಟೈಮನ್ನೇ ಬಿಸಿಲಿಗೆ ಹೆದರಿ ಮುಂಜಾನಿ ಎಂಟಕ್ಕ ಮಾಡೋ ವಿಭಾಗ ನಮ್ದು, ಕೂಲರ್ ಬಂದ್ ಮಾಡ್ರಿ ಅಂತ ಯಾರಾರ ಹೇಳಿದ್ರ ಅವ್ರನ್ನ ಮೇ ತಿಂಗಳದಾಗ ಶಹಾಬಾದ ಕಲ್ಲಿನ ಮಾಳಗಿ ಕೆಳಗ ಒಂದು ರಾತ್ರಿ ಮಲಗಿಸ್ಬೇಕು. ಆ ಕಲ್ಲು ಹಗಲೆಲ್ಲಾ ಕಾದು ರಾತ್ರಿ ಹನ್ನೊಂದರ ತನಕ ಒಳಗ ಶಾಖ ಬಿಡ್ತಿರ್ತದ. ನಮ್ದು ಒಣ ಬಿಸಿಲು, ಹಂಗಾಗಿ ಕೂಲರ್ ಚಲೋ ಕೆಲಸ ಮಾಡ್ತದ, 200 ವ್ಯಾಟಿನ್ಯಾಗ ಮುಗೀತದ, ಒಂದೂವರಿ ಟನ್ ಎಸಿ ಕಂಪ್ರೆಸರ್ ನಡದಾಗ 1500 ಹತ್ರ. ಎಸಿ ಇದ್ದವ್ರು 18ಕ್ಕ ಇಟ್ಟು ಚಾದರ್ ಹೊಚ್ಕೊಳ್ಳೋದು ಬಿಟ್ಟು 24-25ಕ್ಕ ಇಟ್ರ, ಪ್ರತಿ ಡಿಗ್ರಿಗೆ 6% ಸುಮಾರು ಉಳೀತದ ಅಂತ ಕರೆಂಟ್ ಉಳಿತಾಯ ನೋಡ್ಕೊಳ್ಳೋ ಕೇಂದ್ರದ ಸಂಸ್ಥಾ ಬಿಇಇಯವ್ರ ಲೆಕ್ಕ. ಮಾಳಗಿಗೆ ಸುಣ್ಣ ಬಳದು ಬೆಳ್ಳಗ ಮಾಡಿದ್ರ ಇನ್ನೂ ಚಲೋ, ನಮ್ ಹಿರೇರು ಕಾರ್ಬನ್ ಅನ್ನೋದು ಗೊತ್ತಿಲ್ಲದೇ ಮಾಡಿದ ಕೆಲಸ.

ಈಗ ಗೃಹಜ್ಯೋತಿ. 2023ರ ಆಗಸ್ಟಿನಾಗ ಇದರ ಉದ್ಘಾಟನಾ ಆಗಿದ್ದೇ ನಮ್ ಕಲಬುರಗಿಯಾಗ. 200 ಯೂನಿಟ್ ಒಳಗಿನವ್ರಿಗೆ, ಅವ್ರ ಸರಾಸರಿ ಬಳಕಿ ಮ್ಯಾಲ ಇನ್ನೊಂದೀಟು ಸೇರ್ಸಿ ಅಷ್ಟರ ತನಕ ಬಿಲ್ ಸೊನ್ನಿ. ಬಡವರ ಮನಿಗೆ ಇದು ಭಾಳ ದೊಡ್ಡ ಆಸರಾ, ಅದರಾಗ ಎರಡು ಮಾತಿಲ್ಲ. ಆದ್ರ ಬಿಲ್ಲಿನ್ಯಾಗ ಸೊನ್ನಿ ಬಂದ್ರ ಬಾಯ್ಲರಿನಾಗ ಸೊನ್ನಿ ಬರೋದಿಲ್ಲ. ಮೊದ್ಲು ಲೈಟ್ ಬಂದ್ ಮಾಡ್ಲಾಕ ರೊಕ್ಕದ ಹೆದರಿಕಿ ಇತ್ತು, "ಬಿಲ್ ಏನ್ ನಿಮ್ಮಪ್ಪ ಕಟ್ತಾನೇನು" ಅಂತ ಹುಡುಗ್ರಿಗೆ ಬೈತಿದ್ರು, ಈಗ ಆ ಬೈಗುಳಾನೂ ಹೋಯ್ತು. ಮತ್ತ ಮಾಳಗಿ ಮ್ಯಾಲ ಸೋಲಾರ್ ಹಾಕ್ಲಾಕ ಕೇಂದ್ರದ ಸೂರ್ಯಘರ್ ಸ್ಕೀಮಿನಾಗ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಅದ ಅಂದ್ರೂ, ಬಿಲ್ಲೇ ಬರೋದಿಲ್ಲ ಯಾಕ್ ಹಾಕ್ಲಿ ಅಂತಾರ. ಅವ್ರ ಲೆಕ್ಕ ಅವ್ರಿಗೆ ಸರಿನೇ ಅದ.

ಇಷ್ಟೆಲ್ಲಾ ಹೇಳಿ ತಪ್ಪೆಲ್ಲಾ ನಮ್ ಬಲ್ಬಿನ ಮ್ಯಾಲ ಹಾಕಿದ್ರ ಅದು ನ್ಯಾಯ ಅಲ್ಲ. ಅಮೆರಿಕಾದ ಒಬ್ಬ ಮನುಷ್ಯಾ ವರ್ಷಕ್ಕ 14 ಟನ್ ಸುಮಾರು ಕಾರ್ಬನ್ ಡೈಆಕ್ಸೈಡಿಗೆ ಕಾರಣ ಆದ್ರ ನಮ್ ದೇಶದವ 2 ಟನ್ ಸುಮಾರು, ಅದರಾಗೂ ಆಳಂದ ಕಡಿ ತಾಂಡಾದ ಮನಿಯವ್ರದು ಎಷ್ಟಿರಬಹುದು ಅಂತ ನೀವೇ ಲೆಕ್ಕ ಹಾಕ್ರಿ. ಸೇಡಂ, ವಾಡಿ, ಚಿತ್ತಾಪುರ ಕಡಿ ಸಿಮೆಂಟ್ ಫ್ಯಾಕ್ಟರಿ ಅವ, ಅಲ್ಲಿ ಸುಣ್ಣದ ಕಲ್ಲು ಕಾಯಿಸಿದ್ರ ಆ ಕಲ್ಲಿನ ಒಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಗ ಬರ್ತದ, ಅದನ್ನ ಯಾವ ಬಟನ್ನೂ ಬಂದ್ ಮಾಡಂಗಿಲ್ಲ, ಸಿಮೆಂಟ್ ಮಾಡೋ ರೀತಿನೇ ಬದಲಾಗ್ಬೇಕು. ಹೊಲದಾಗಿನ 5 ಎಚ್‌ಪಿ ಮೋಟಾರ್ ಒಂದು ಹತ್ರ ಹತ್ರ 3700 ವ್ಯಾಟ್, ಅಂದ್ರ ನೂರು ಮನಿಯ ನಾಲ್ಕು ನಾಲ್ಕು ಬಲ್ಬಿಗೆ ಸಮ. ಅದಕ್ಕ ತ್ರೀ ಫೇಸ್ ರಾತ್ರಿ ಕೊಟ್ರ ರೈತ ಬ್ಯಾಟ್ರಿ ಹಿಡ್ಕೊಂಡು ಹಾವು ಚೇಳಿನ ನಡುವ ಹೋಗ್ಬೇಕು, ಕಲ್ಲಿದ್ದಲೂ ಸುಡ್ಬೇಕು, ಹಗಲು ಸೋಲಾರಿನ ಹೊತ್ತಿಗೆ ಕೊಟ್ರ ಎರಡೂ ತಪ್ತದ. ಕುಸುಮ್ ಸ್ಕೀಮಿನ್ಯಾಗ ಪಂಪ್‌ಸೆಟ್ಟಿನ ಫೀಡರಿಗೇ (ಹೊಲಗಳಿಗೆ ಕರೆಂಟ್ ಒಯ್ಯೋ ಲೈನಿಗೆ) ಸೋಲಾರ್ ಹಚ್ಚೋ ಕೆಲಸ ಇದಕ್ಕೇ. ಒಂದ್ ತಾಸು ಲೈಟ್ ಬಂದ್ ಮಾಡಿ ಕುಂತವ್ರು ಕೇಳಬೇಕಾದ್ದು ಇಂಥಾದ್ದನ್ನ, ಎಮ್ಮೆಲ್ಲೆ ಸಾಹೇಬ್ರ ಹತ್ರ, ಗ್ರಾಮ ಸಭಾದಾಗ: ನಮ್ ಫೀಡರಿಗೆ ಸೋಲಾರ್ ಯಾವಾಗ? ಕೇಳೋರು ಎಷ್ಟು ಮಂದಿ ಅದಾರ ಅಂತ ಎಣಿಸ್ಲಾಕ ಅರ್ಥ್ ಅವರ್ ಉಪಯೋಗಕ್ಕ ಬಂದ್ರ, ನನ್ನ ಲೆಕ್ಕದಾಗ ಆ 25 ಗ್ರಾಮಿಗಿಂತ ಅದರ ತೂಕ ಜಾಸ್ತಿ.

ಮಾಡೋರು ಮಾಡ್ರಿ, ಆದ್ರ ಆ ತಾಸಿನ್ಯಾಗ ಕತ್ತಲದಾಗ ಸುಮ್ಕ ಕುಂಡ್ರೋ ಬದ್ಲಿ ಹೊರಗಿನ ಮೀಟರ್ ನೋಡ್ರಿ. ಮೀಟರ್ ಮ್ಯಾಲ ಒಂದು ಸಣ್ಣ ಕೆಂಪು ಲೈಟ್ ಮಿಣುಕ್ ಮಿಣುಕ್ ಅಂತಿರ್ತದ, ಬಾಜೂಕ 3200 ಇಂಪ್ ಅಂತ ಬರೆದಿರ್ತದ (ಕೆಲವು ಮೀಟರಿನ ನಂಬರ್ ಬ್ಯಾರೆ ಇರ್ತದ), ಅಂದ್ರ 3200 ಸಲ ಮಿಣುಕಿದ್ರ ಒಂದ್ ಯೂನಿಟ್. 9 ವ್ಯಾಟಿನ ಒಂದೇ ಬಲ್ಬ್ ಇಟ್ಟು ನೋಡಿದ್ರ ಎರಡು ನಿಮಿಷಕ್ಕ ಒಮ್ಮೆ ಮಿಣುಕ್ತದ, ಕಾಯಲಾಕ ಬ್ಯಾಸರಾ ಬರ್ತದ. ಗೀಜರ್ ಹಾಕ್ರಿ, ನಿಮಿಷಕ್ಕ ನೂರು ಸಲ, ಎಣಿಸ್ಲಾಕ ಆಗೋದಿಲ್ಲ. ಎಲ್ಲಾ ಬಂದ್ ಮಾಡೀನಿ ಅಂದ್ಕೊಂಡ ಮ್ಯಾಲೂ ಮಿಣುಕ್ತಾ ಇದ್ರ ಒಳಗ ಏನೋ ನಡದದ, ಹೆಚ್ಚಾಗಿ ಟಿವಿ ಸೆಟ್‌ಟಾಪ್ ಬಾಕ್ಸ್, ಅದು ಟಿವಿ ಬಂದ್ ಇದ್ರೂ ತಿಂತಿರ್ತದ.

ಮತ್ತ ಇನ್ವರ್ಟರ್ ಇದ್ದವ್ರು ಮೇನ್ ಸ್ವಿಚ್ ಮಾತ್ರ ಇಳಿಸಬ್ಯಾಡ್ರಿ. ಮೇನ್ ಇಳಿಸಿದ ಕೂಡ್ಲೇ ಲೈಟ್ ಹೋಯ್ತು ಅಂತ ತಿಳ್ಕೊಂಡು ಇನ್ವರ್ಟರ್ ಚಾಲೂ ಆಗ್ತದ, ಬ್ಯಾಟರಿ ಖಾಲಿ ಆಗ್ತದ, ಒಂಬತ್ತೂವರಿಗೆ ತಿರುಗಿ ಚಾರ್ಜ್ ಆಗೋ ಮುಂದ ನೀವು ಬಳಸಿದ್ದಕ್ಕಿಂತ ಕಾಲು ಪಾಲರ ಜಾಸ್ತಿನೇ ಎಳೀತದ. ಒಂದೊಂದೇ ಬಟನ್ ಬಂದ್ ಮಾಡ್ರಿ, ಫ್ರಿಜ್ಜಿಂದು ಬಿಟ್ಟು.